ಗೊತ್ತಾಗದ್ದಕ್ಕೂ ಒಂದು ಸಾಲು

ಒಣಗದ ಅಂಗಿ ತೊಟ್ಟುಕೊಂಡು ನಾನು ಬಾಷ್ಪೀಭವನದ ಪಾಠ ಮಾಡಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ಸಲೀಸಾಗುತ್ತದೆ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಮೂರು ದಿನ ತೂಗುಹಾಕಿದ್ದರೂ ಅರೆಹಸಿಯಾಗಿಯೇ ಉಳಿದು, ಹೊಗೆಯ ವಾಸನೆಯನ್ನು ಮಾತ್ರ ಧಾರಾಳವಾಗಿ ಹೀರಿಕೊಂಡಿದ್ದ ಅಂಗಿ ಅದು. ಆಷಾಢದ ಒಂದು ಬೆಳಿಗ್ಗೆ ಅದನ್ನೇ ಹಾಕಿಕೊಂಡು ಮಕ್ಕಳ ಎದುರು ನಿಂತು, 'ತಟ್ಟೆಯಲ್ಲಿಟ್ಟ ನೀರು ಎರಡು ದಿನಗಳಲ್ಲಿ ಆವಿಯಾಯಿತು' ಎಂದು ಪ್ರಯೋಗಕ್ಕೆ ಮೊದಲೇ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ. ಬೆನ್ನಿಗಂಟಿದ ಬಟ್ಟೆ ತಣ್ಣಗೆ ಏನೋ ಹೇಳುತ್ತಿತ್ತು. ಆದರೆ ಪಠ್ಯಪುಸ್ತಕ ಮಾತಾಡುತ್ತಿರುವಾಗ ಅಂಗಿಯ ಮಾತನ್ನು ಯಾರು ಕೇಳುತ್ತಾರೆ?

ನಾನು ಬಯಲುಸೀಮೆಯಿಂದ ಬಂದವನಾಗಿದ್ದರೆ ಕ್ಷಮೆಯಿತ್ತು. ನಾನು ತೀರ್ಥಹಳ್ಳಿಯಲ್ಲಿ ಹುಟ್ಟಿ ತುಂಗೆಯಲ್ಲಿ ಈಜು ಕಲಿತವನು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಸಲು ಬರುತ್ತದೆ ಎನ್ನುವುದು ನನಗೆ ಅಕ್ಷರ ಬರುವ ಮೊದಲೇ ಗೊತ್ತಿತ್ತು. ಆದರೆ ಮನೆಯಲ್ಲಿ ಗೊತ್ತಿರುವುದನ್ನು ಶಾಲೆಯ ಬಾಗಿಲಲ್ಲಿ ಚಪ್ಪಲಿಯ ಜೊತೆಗೆ ಬಿಟ್ಟು ಒಳಗೆ ಬರುವುದು ನಮ್ಮ ವಿದ್ಯಾಭ್ಯಾಸದ ಪದ್ಧತಿ. ನಾನು ಆ ಪದ್ಧತಿಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದವನು.

ಇದು ಅರವತ್ತರ ದಶಕದ ನಡುವಿನ ಮಾತು. ಹೊಸನಗರ ತಾಲೂಕಿನಲ್ಲಿ, ನಿಟ್ಟೂರಿನ ಕಡೆಗೆ ಹೋಗುವ ದಾರಿಯಲ್ಲಿ, ಒಂದೇ ಕೋಣೆಯ ಶಾಲೆಗೆ ನನ್ನನ್ನು ಹಾಕಿದ್ದರು. ಒಂದರಿಂದ ನಾಲ್ಕರವರೆಗೆ ತರಗತಿಗಳು, ಎಲ್ಲಕ್ಕೂ ಒಬ್ಬನೇ ಮೇಷ್ಟ್ರು. ಗಂಟೆ ಹೊಡೆಯುವವನೂ ನಾನೇ, ಗಂಟೆ ಕೇಳಿ ಗಡಿಬಿಡಿಯಿಂದ ಓಡಿಬರುವವನೂ ಬಹುಮಟ್ಟಿಗೆ ನಾನೇ. ನೌಕರಿ ತಾತ್ಕಾಲಿಕ. ಎರಡು ವರ್ಷ ಕಳೆದ ಮೇಲೆ ಇನ್ಸ್‌ಪೆಕ್ಟರ್ ಸಾಹೇಬರು ಬಂದು ನೋಡಿ ಒಳ್ಳೆಯ ವರದಿ ಕೊಟ್ಟರೆ ಖಾಯಂ, ಇಲ್ಲದಿದ್ದರೆ ತೀರ್ಥಹಳ್ಳಿಯ ಬಸ್ಸು. ಅಲ್ಲಿ ನನ್ನ ತಾಯಿ ಆಗಲೇ ಹೆಣ್ಣು ನೋಡಲು ಶುರುಮಾಡಿದ್ದರು. ಹೋದ ಕಡೆಯಲ್ಲೆಲ್ಲ ಕಾಫಿಯ ಲೋಟ ಕೈಗೆ ಬರುವ ಮೊದಲೇ "ಮಾಣಿಗೆ ಖಾಯಂ ಆಗಿದ್ಯಾ?" ಎಂಬ ಪ್ರಶ್ನೆ ಬರುತ್ತಿತ್ತಂತೆ. ನನ್ನ ಬಣ್ಣ, ಎತ್ತರ, ಗೋತ್ರ ಎಲ್ಲವೂ ಆ ಒಂದು ಶಬ್ದದ ಹಿಂದೆ ಸಾಲಾಗಿ ನಿಂತಿದ್ದವು.

ಹೀಗಿರುವಾಗ ಸಾಗರದಲ್ಲಿ ಮೇಷ್ಟ್ರುಗಳಿಗೆ ಹತ್ತು ದಿನದ ತರಬೇತಿ ನಡೆಯಿತು. ಅದರಿಂದ ನನಗೆ ನೆನಪುಳಿದದ್ದು ಎರಡು. ಒಂದು, ಮಧ್ಯಾಹ್ನದ ಸೌತೆಕಾಯಿ ಹುಳಿ. ಇನ್ನೊಂದು, ಊಟದ ನಂತರ ಎಲ್ಲರೂ ತೂಕಡಿಸುತ್ತಿದ್ದ ಹೊತ್ತಿನಲ್ಲಿ ಒಬ್ಬ ವಯಸ್ಸಾದ ಉಪನ್ಯಾಸಕರು ಹೇಳಿದ ಮಾತು. "ವಿಜ್ಞಾನದ ಪಾಠ ಆದ ಮೇಲೆ ಪ್ರಶ್ನೆ ಕೇಳೋದು ನಿಲ್ಲಿಸಿ. ಏನು ಕಲಿತೆ, ಏನು ಕಲೀಲಿಲ್ಲ ಅಂತ ಮಗು ತಾನೇ ಕೂತು ಬರೀಲಿ. ನೀವು ಓದಿ. ಅಷ್ಟೆ." ಹುಳಿಯ ಪ್ರಭಾವದಿಂದಲೋ ಏನೋ, ನಾನು ಆಗ ಎಚ್ಚರವಾಗಿದ್ದೆ. ಮಾತು ತಲೆಯೊಳಗೆ ಹೊಕ್ಕು ಕೂತಿತು.

ಊರಿಗೆ ಬಂದವನೇ ಮೂರು ಮತ್ತು ನಾಲ್ಕನೆಯ ತರಗತಿಯ ಹದಿನೆಂಟು ಮಕ್ಕಳಿಗೆ ಒಂದೊಂದು ಪುಸ್ತಕ ಹೊಲಿದುಕೊಟ್ಟೆ. ಶನಿವಾರ ಅರ್ಧ ದಿನದ ಶಾಲೆ. ಮನೆಗೆ ಬಿಡುವ ಮುಂಚೆ ಆ ವಾರದ ವಿಜ್ಞಾನದ ಬಗ್ಗೆ ಎರಡೇ ಸಾಲು ಬರೆಯಬೇಕು. ಮೊದಲ ಸಾಲು ಗೊತ್ತಾದದ್ದು, ಎರಡನೆಯದು ಗೊತ್ತಾಗದ್ದು. ಮಕ್ಕಳು ಕಣ್ಣು ಕಣ್ಣು ಬಿಟ್ಟರು. ಮಾದರಿಗೆ ಇರಲಿ ಎಂದು ನನ್ನದೇ ಒಂದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. 'ಗೊತ್ತಾದದ್ದು: ಎಲೆಗಳು ಬಿಸಿಲಿನಲ್ಲಿ ಆಹಾರ ತಯಾರಿಸುತ್ತವೆ. ಗೊತ್ತಾಗದ್ದು: ನನ್ನ ಗಡ್ಡ ಎಷ್ಟು ಬೋಳಿಸಿದರೂ ಮತ್ತೆ ಮತ್ತೆ ಏಕೆ ಬೆಳೆಯುತ್ತದೆ?' ಮಕ್ಕಳು ತಲೆ ತಗ್ಗಿಸಿ ಬರೆಯತೊಡಗಿದರು. ಆ ಮೌನ ಕಂಡು ನನಗೆ ರೋಮಾಂಚನವಾಯಿತು. ಸಂಜೆ ಪುಸ್ತಕಗಳನ್ನು ತೆರೆದರೆ ಹದಿನೆಂಟು ಮಕ್ಕಳೂ, ಅವರಲ್ಲಿ ಏಳು ಜನ ಹುಡುಗಿಯರು, ತಮ್ಮ ಗಡ್ಡ ಎಷ್ಟು ಬೋಳಿಸಿದರೂ ಮತ್ತೆ ಬೆಳೆಯುತ್ತಿರುವುದಾಗಿ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದರು.

ತಪ್ಪು ಅವರದಲ್ಲ. ಬೋರ್ಡಿನ ಮೇಲೆ ಬಿದ್ದದ್ದು ಪುಸ್ತಕಕ್ಕೆ ಇಳಿಯಬೇಕು ಎಂದು ಅವರಿಗೆ ಹೇಳಿಕೊಟ್ಟವನೇ ನಾನು. ಅಲ್ಲದೆ 'ಗೊತ್ತಿಲ್ಲ' ಎನ್ನುವುದು ನಮ್ಮ ಕಡೆ ಅಷ್ಟು ಸುಲಭದ ಮಾತಲ್ಲ. ಸಾಗರದ ಪೇಟೆಯಲ್ಲಿ ನಿಂತು ಒಬ್ಬರ ಮನೆ ಎಲ್ಲಿ ಎಂದು ಕೇಳಿ ನೋಡಿ. ಗೊತ್ತಿದ್ದವರು ದಾರಿ ತೋರಿಸುತ್ತಾರೆ, ಗೊತ್ತಿಲ್ಲದವರೂ ಅಷ್ಟೇ ಪ್ರೀತಿಯಿಂದ ಇನ್ನೊಂದು ದಾರಿ ತೋರಿಸುತ್ತಾರೆ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಸಂಸ್ಕಾರ ಅದು. ಪರೀಕ್ಷೆಯಲ್ಲಂತೂ ಖಾಲಿ ಜಾಗ ಕಂಡರೆ 'ಬಿಟ್ಟ ಸ್ಥಳ ತುಂಬಿರಿ' ಎಂದೇ ಆಜ್ಞೆ. ತುಂಬದೆ ಸ್ವಲ್ಪ ಹೊತ್ತು ಅದನ್ನು ನೋಡುತ್ತ ಕೂರಿ ಎಂದು ಯಾವ ಪ್ರಶ್ನೆಪತ್ರಿಕೆಯೂ ಹೇಳಿದ್ದನ್ನು ನಾನು ಕಾಣೆ. ತೀರ್ಥಹಳ್ಳಿಯ ನಮ್ಮ ಪಕ್ಕದ ಮನೆಯಲ್ಲಿ ತರ್ಕ ಓದಿದ ಶಾಸ್ತ್ರಿಗಳೊಬ್ಬರಿದ್ದರು. ಅವರು ಹೇಳುತ್ತಿದ್ದ ಪ್ರಕಾರ ನಮ್ಮ ಹಿರಿಯರು ತಿಳಿಯಬೇಕಾದ ಹದಿನಾರು ಪದಾರ್ಥಗಳನ್ನು ಎಣಿಸಿದಾಗ ಸಂಶಯಕ್ಕೆ ಮೂರನೆಯ ಮಣೆ ಹಾಕಿದ್ದರಂತೆ. ತೀರ್ಮಾನ ಬಂದು ಕೂರುವುದು ಎಷ್ಟೋ ಮಣೆ ದಾಟಿದ ಮೇಲೆ. ಅಷ್ಟು ಮರ್ಯಾದೆಯ ಅತಿಥಿಯನ್ನು ನಾವು ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದೆವು.

ಮುಂದಿನ ಶನಿವಾರ ಬೋರ್ಡು ಒರೆಸಿ, ಬೆತ್ತವನ್ನು ಹಂಚಿನ ಮಾಡಿನ ಸಂದಿಗೆ ಸಿಕ್ಕಿಸಿ, ಮಕ್ಕಳಿಗೆ ಮಾತು ಕೊಟ್ಟೆ. ಈ ಪುಸ್ತಕದಲ್ಲಿ ನಿಜ ಬರೆದರೆ ಹೊಡೆತವಿಲ್ಲ, ಬೈಗುಳವಿಲ್ಲ, ಕೆಂಪು ಇಂಕೂ ಇಲ್ಲ. ಮೊದಲು ಯಾರೂ ನಂಬಲಿಲ್ಲ. ಎರಡು ವಾರ ಕಳೆದ ಮೇಲೆ ಒಬ್ಬೊಬ್ಬರೇ, ತಣ್ಣೀರಿಗೆ ಕಾಲಿಡುವವರ ಹಾಗೆ, ಇಳಿದರು. ಆಮೇಲೆ ನೋಡಿ, ನನ್ನ ಶನಿವಾರದ ಸಂಜೆಗಳು ಹಬ್ಬವಾದವು. ಸುಣ್ಣದ ತಿಳಿನೀರಿಗೆ ಪಪ್ಪಾಯಿ ಎಲೆಯ ದಂಟಿನಿಂದ ಊದಿದರೆ ಅದು ಬೆಳ್ಳಗಾಗುವ ಪ್ರಯೋಗ ಮಾಡಿಸಿದ್ದೆ. ಒಬ್ಬ 'ನಮ್ಮ ಹೊಟ್ಟೆಯೊಳಗೆ ಹಾಲು ಇದೆ, ಎಮ್ಮೆಗೆ ಮಾತ್ರ ಅಲ್ಲ' ಎಂದು ಬರೆದ. ವಿದ್ಯುತ್ತಿನ ಪಾಠವಾದ ವಾರ ಇನ್ನೊಬ್ಬ 'ಕರೆಂಟು ಜೋಗದಲ್ಲಿ ಹುಟ್ಟುತ್ತದೆ. ಬೆಂಗಳೂರಿಗೆ ಹೋಗುವ ದಾರಿ ಅದಕ್ಕೆ ಗೊತ್ತು. ಪಕ್ಕದಲ್ಲೇ ಇರುವ ನಮ್ಮೂರಿಗೆ ಬರುವ ದಾರಿ ಯಾಕೆ ಗೊತ್ತಿಲ್ಲ?' ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ವಿಜ್ಞಾನದ ಪುಸ್ತಕದಲ್ಲಿರಲಿಲ್ಲ.

ನಾಲ್ಕನೆಯ ತರಗತಿಯ ನಾಗವೇಣಿ ಮಾತ್ರ ಮೊದಲ ಸಾಲನ್ನು ಮೋಟಾಗಿ ಮುಗಿಸಿ ಎರಡನೆಯ ಸಾಲಿಗೆ ಪುಟ ತಿರುಗಿಸುತ್ತಿದ್ದಳು. ಸಣಕಲು ಹುಡುಗಿ, ಎರಡು ಜಡೆ, ಮಾತು ಕಡಿಮೆ. ಗ್ರಹಣದ ಪಾಠವಾದ ವಾರ ಅವಳು ಬರೆದದ್ದು: 'ಗ್ರಹಣ ಹಿಡಿದಾಗ ಏನೂ ತಿನ್ನಬಾರದು ಅಂತ ಅಜ್ಜಿ ಹೇಳ್ತಾರೆ. ಅವರು ಕವಳ ಹಾಕ್ತಾರೆ. ಕವಳಕ್ಕೆ ಗ್ರಹಣ ಯಾಕೆ ತಾಗುವುದಿಲ್ಲ?' ಸೋಮವಾರ ಬೆಳಿಗ್ಗೆ ಅಜ್ಜಿಯೇ ಶಾಲೆಗೆ ಬಂದರು. ಬಾಯಲ್ಲಿ ಎಲೆಯಡಿಕೆಯ ಕವಳ.

"ಎಂತ ಮೇಷ್ಟ್ರೆ, ನನ್ನ ಕವಳದ ಸುದ್ದಿ ಎಲ್ಲ ಸರ್ಕಾರಕ್ಕೆ ಬರೆಸ್ತೀರಂತೆ?"

ಸರ್ಕಾರಕ್ಕಲ್ಲ, ತಿಳಿಯದ್ದನ್ನು ಮಕ್ಕಳು ಬರೆದಿಡುವ ಪುಸ್ತಕವಷ್ಟೇ ಎಂದು ಸಮಾಧಾನ ಹೇಳಿದೆ. ಅಜ್ಜಿ ಹೊರಗೆ ಹೋಗಿ ಉಗುಳಿ ಬಂದು, ದನಿ ತಗ್ಗಿಸಿದರು. "ಹಂಗಾರೆ ನಂದೂ ಒಂದು ಬರ್ಕಳಿ. ಗ್ರಹಣ ಬಿಟ್ಟ ಮೇಲೆ ಕೊಡದ ನೀರು ಚೆಲ್ಲಿ ಅಂತಾರೆ, ಬಾವಿ ನೀರು ಮಾತ್ರ ಹಂಗೇ ಸೇದ್ತಾರೆ. ಅದೆಂತಕ್ಕೆ? ಮದುವೆಯಾಗಿ ಬಂದ ಹೊಸದ್ರಲ್ಲಿ ನಮ್ಮತ್ತೇನ ಕೇಳಿದ್ದೆ. ಬೈದ್ರು. ಆಮೇಲೆ ಕೇಳ್ಲಿಲ್ಲ."

ನಾಗವೇಣಿಯ ಸಾಲಿನ ಕೆಳಗೇ ಬರೆದುಕೊಂಡೆ. ಐವತ್ತು ವರ್ಷ ಒಂದು ಪ್ರಶ್ನೆಯನ್ನು ಬಾಯಲ್ಲೇ ಇಟ್ಟುಕೊಂಡು ಬದುಕಿದ್ದರು ಆ ಹೆಂಗಸು.

ಆಮೇಲೆ ಬಂತು ನಾನು ಮೊದಲು ಹೇಳಿದ ತಟ್ಟೆಯ ನೀರು. ಕಿಟಕಿಯ ಹತ್ತಿರ ಇಟ್ಟೆವು. ಎರಡು ದಿನವಾಯಿತು, ನಾಲ್ಕು ದಿನವಾಯಿತು, ನೀರು ಇದ್ದಷ್ಟೇ ಇತ್ತು. ಹಂಚಿನ ಸಂದಿಯಿಂದ ತೊಟ್ಟಿಕ್ಕಿ ಒಂದು ದಿನ ಹೆಚ್ಚೂ ಆಗಿತ್ತು. ಬೋರ್ಡಿನ ಮೇಲೆ ಮಾತ್ರ ಅದು ಎರಡೇ ದಿನದಲ್ಲಿ ಆವಿಯಾಗಿತ್ತು. ಶನಿವಾರ ಹದಿನೇಳು ಮಕ್ಕಳು ಬೋರ್ಡಿನ ಮರ್ಯಾದೆ ಕಾಪಾಡಿದರು. ನಾಗವೇಣಿ ಬರೆದಳು: 'ಗೊತ್ತಾದದ್ದು: ನೀರು ಆರಲಿಲ್ಲ. ಮಳೆಗಾಲದಲ್ಲಿ ಗಾಳಿ ಮೊದಲೇ ಬೇಕಾದಷ್ಟು ನೀರು ಕುಡಿದಿರುತ್ತದೆ. ಅದಕ್ಕೆ ಹೊಟ್ಟೆ ತುಂಬಿರುತ್ತದೆ. ಗೊತ್ತಾಗದ್ದು: ಆರುವ ಮೊದಲೇ ಆರಿತು ಅಂತ ಮೇಷ್ಟ್ರು ಯಾಕೆ ಬರೆದರು?'

ನನಗೆ ಸಿಟ್ಟು ಬಂತು. ಸುಳ್ಳೇಕೆ, ಕಾಲು ಗಂಟೆ ಚೆನ್ನಾಗಿಯೇ ಬಂತು. ಕೊಟ್ಟ ಮಾತು ಅಡ್ಡ ಬಂದದ್ದರಿಂದ ಬೆತ್ತದ ಕಡೆ ನೋಡಲಿಲ್ಲ. ಆಮೇಲೆ ಅವಳ ಮೊದಲ ಸಾಲನ್ನು ಇನ್ನೊಮ್ಮೆ ಓದಿದೆ. ಗಾಳಿಗೆ ಹೊಟ್ಟೆ ತುಂಬಿದೆ! ನನ್ನ ತರಬೇತಿಯ ದಪ್ಪ ಪುಸ್ತಕ ಒಂದೂವರೆ ಪುಟ ತಿಣುಕಿ ಹೇಳಿದ್ದನ್ನು ಈ ಹುಡುಗಿ ಮೂರೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಮರುದಿನ ಭಾನುವಾರವಾದರೂ ಮಕ್ಕಳನ್ನು ಕರೆದು ಇನ್ನೊಂದು ತಟ್ಟೆಯನ್ನು ನನ್ನ ಬಿಡಾರದ ಬಚ್ಚಲೊಲೆಯ ಕಟ್ಟೆಯ ಮೇಲೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಅದು ಒಣಗಿತು. ಹದಿನೆಂಟು ಮಕ್ಕಳು ಮಳೆಗೆ ಹೊದ್ದ ಕಂಬಳಿಕೊಪ್ಪೆಯಲ್ಲಿ ಸಾಲಾಗಿ ನಿಂತು, ದೇವರ ದರ್ಶನ ಮಾಡಿದ ಹಾಗೆ ಒಬ್ಬೊಬ್ಬರೇ ಬಗ್ಗಿ ಖಾಲಿ ತಟ್ಟೆಯನ್ನು ನೋಡಿಕೊಂಡು ಹೋದರು. ಅಷ್ಟು ಸಂತೋಷದ ಭಾನುವಾರ ನನ್ನ ಆಯುಷ್ಯದಲ್ಲಿ ಹೆಚ್ಚು ಬಂದಿಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಒಳ್ಳೆಯ ಮೇಷ್ಟ್ರು ಎಂದು ನಿಮ್ಮ ಹತ್ತಿರ ಜಂಬ ಕೊಚ್ಚಿಕೊಳ್ಳಬಹುದಿತ್ತು. ಆದರೆ ಕಾರ್ತಿಕದಲ್ಲಿ ಸಾಹೇಬರು ತಪಾಸಣೆಗೆ ಬರುವ ಕಾಗದ ಬಂತು. ಅದೇ ವಾರ ತಾಯಿಯ ಕಾಗದವೂ ಬಂತು: ಕೊಪ್ಪದ ಕಡೆಯ ಒಂದು ಒಳ್ಳೆಯ ಸಂಬಂಧ ವರದಿಗಾಗಿ ಕಾಯುತ್ತಿದೆ. ನಾನು ಶನಿವಾರದ ಪುಸ್ತಕಗಳನ್ನು ಮುಂದೆ ಹರಡಿಕೊಂಡು ಸಾಹೇಬರ ಕಣ್ಣಿನಿಂದ ಓದಿದೆ. 'ಮೇಷ್ಟ್ರು ಯಾಕೆ ಬರೆದರು?' 'ಮೇಷ್ಟ್ರಿಗೂ ಗೊತ್ತಿಲ್ಲವಂತೆ.' 'ಪ್ರಯೋಗ ಆಗಲಿಲ್ಲ.'

ನಾನು ಮಾಡಿದ್ದು ಇಷ್ಟು. ಹೊಸನಗರದಿಂದ ಹದಿನೆಂಟು ಹೊಸ ಪುಸ್ತಕ ತಂದು, ಮಕ್ಕಳನ್ನು ಕೂರಿಸಿ, ಉಕ್ತಲೇಖನ ಹೇಳಿದೆ. 'ಪ್ರಯೋಗ ಮಾಡಿದೆವು. ಎರಡು ದಿನಗಳಲ್ಲಿ ತಟ್ಟೆಯ ನೀರು ಆವಿಯಾಯಿತು. ನಮಗೆ ಎಲ್ಲವೂ ಚೆನ್ನಾಗಿ ಅರ್ಥವಾಯಿತು.' ನಾಗವೇಣಿ ಎದ್ದು ನಿಂತಳು.

"ನೀರು ಆರ್ಲಿಲ್ಲ ಅಲ್ದಾ ಮೇಷ್ಟ್ರೆ?"

"ಇದು ಸಾಹೇಬ್ರಿಗೆ. ಬರಿ" ಎಂದೆ. ಅವಳು ನನ್ನನ್ನು ಒಂದು ಕ್ಷಣ ನೋಡಿ, ಕೂತು, ಬರೆದಳು. ಹಳೆಯ ಪುಸ್ತಕಗಳನ್ನು ಬೀರುವಿನ ಮೇಲೆ, ಸುತ್ತಿಟ್ಟ ಇಂಡಿಯಾ ಮ್ಯಾಪಿನ ಹಿಂದೆ ತಳ್ಳಿದೆ. ಅವಳ ಆ ನೋಟವನ್ನು ತಳ್ಳಲು ಮಾತ್ರ ಜಾಗ ಸಿಗಲಿಲ್ಲ.

ಸಾಹೇಬರು ಬಂದದ್ದೂ ಒಂದು ಶನಿವಾರವೇ. ಬಸ್ಸಿಳಿದು ಎರಡು ಮೈಲಿ ನಡೆದು ಬಂದಿದ್ದರು. ಕಪ್ಪು ಕೋಟು, ಮೋರೆಯ ತುಂಬ ಸುಕ್ಕು, ಇನ್ನು ನಾಲ್ಕು ತಿಂಗಳಲ್ಲಿ ನಿವೃತ್ತಿ ಎಂದು ಕೇಳಿದ್ದೆ. ಮಗ್ಗಿ ಕೇಳಿದರು, ಪದ್ಯ ಹೇಳಿಸಿದರು, ಎಲ್ಲ ಸರಿಯಾಯಿತು. ಆಮೇಲೆ ಹೊಸ ಪುಸ್ತಕಗಳನ್ನು ಒಂದೊಂದಾಗಿ ತಿರುವಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವರ ಹುಬ್ಬು ಮೇಲೇರಿತು. ಹದಿನೆಂಟು ಪುಸ್ತಕದಲ್ಲೂ ಒಂದೇ ಮಾತು. ನಾಗವೇಣಿಯನ್ನು ಹತ್ತಿರ ಕರೆದರು.

"ಏನಮ್ಮ, ಎರಡೇ ದಿನದಲ್ಲಿ ನೀರು ಆರಿತಾ?"

ಅವಳು ನನ್ನ ಕಡೆ ನೋಡಲಿಲ್ಲ. "ಇದು ಸಾಹೇಬ್ರಿಗೆ ಬರ್ದಿದ್ದು" ಎಂದಳು, ಇದ್ದದ್ದನ್ನು ಇದ್ದ ಹಾಗೆ.

"ಹಾಗಾದ್ರೆ ನಿನಗೆ ಅಂತ ಬರ್ಕೊಂಡಿದ್ದು?"

"ಬೀರಿನ ಮೇಲೆ. ಮ್ಯಾಪಿನ ಹಿಂದೆ."

ಕೊಪ್ಪದ ಸಂಬಂಧ, ತಾಯಿಯ ಮುಖ, ತೀರ್ಥಹಳ್ಳಿಯ ಬಸ್ಸು, ಎಲ್ಲವೂ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದವು. ಕುರ್ಚಿ ಹತ್ತಿ ನಾನೇ ಪುಸ್ತಕಗಳನ್ನು ಇಳಿಸಿ, ಧೂಳು ಒರೆಸಿ, ಅವರ ಮುಂದಿಟ್ಟೆ. ಮುಕ್ಕಾಲು ಗಂಟೆ ಓದಿದರು. ಗಡ್ಡದ ಪುಟದಲ್ಲಿ ಅವರ ಭುಜ ಕುಲುಕಿತು. ಅಜ್ಜಿಯ ಕವಳದ ಪುಟದಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. 'ಗಾಳಿಗೆ ಹೊಟ್ಟೆ ತುಂಬಿರುತ್ತದೆ' ಎಂಬಲ್ಲಿ ಬೆರಳಿಟ್ಟು ಮತ್ತೊಮ್ಮೆ ಓದಿದರು. ಏಳಲು ಹೊರಟಾಗ ನಾಗವೇಣಿ ಒಂದು ಬಿಳಿ ಹಾಳೆ ಹಿಡಿದು ನಿಂತಿದ್ದಳು.

"ಶನಿವಾರ ಶಾಲೇಲಿ ಇದ್ದೋರೆಲ್ಲ ಬರೀಬೇಕು, ಸಾಹೇಬ್ರೆ. ಎರಡೇ ಸಾಲು."

ಸಾಹೇಬರು ಮತ್ತೆ ಕೂತರು. ಪೆನ್ನು ತೆಗೆದು ಮೊದಲ ಸಾಲು ಬರೆದರು: 'ಗೊತ್ತಾದದ್ದು: ಗಾಳಿಗೂ ಹೊಟ್ಟೆ ತುಂಬುತ್ತದೆ.' ಎರಡನೆಯ ಸಾಲಿಗೆ ಪೆನ್ನು ಊರಿದರು, ಎತ್ತಿದರು, ಮೇಲೆ ಹಂಚು ನೋಡಿದರು, ನನ್ನ ಮುಖ ನೋಡಿದರು. ಕೊನೆಗೆ ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ಅವಳ ಕೈಗೆ ಕೊಟ್ಟು, ಕೊಡೆ ಹಿಡಿದು ಹೊರಟುಹೋದರು.

ಸೋಮವಾರ ಮಕ್ಕಳ ಎದುರು ನಾನು ಮಾಡಿದ್ದು ತಪ್ಪೆಂದು ಒಪ್ಪಿಕೊಂಡೆ. ಹೆದರಿದ್ದೆ ಎಂದೂ ಹೇಳಿದೆ. ಹೊಸ ಪುಸ್ತಕಗಳ ಬರೆದ ಹಾಳೆಗಳನ್ನು ಕೀಳಿಸಿ ದೋಣಿ ಮಾಡಿಸಿ ಹಳ್ಳಕ್ಕೆ ಬಿಡಿಸಿದೆ. ತೇಲುವುದು ಮುಳುಗುವುದರ ಪಾಠ ಹೇಗೂ ಬಾಕಿಯಿತ್ತು. ಮಕ್ಕಳು ಕೇಕೆ ಹಾಕುತ್ತ ದಂಡೆಯುದ್ದಕ್ಕೂ ಓಡಿದರು. ನಾಗವೇಣಿ ಮಾತ್ರ ಸಾಹೇಬರ ಹಾಳೆ ಹಿಡಿದು ನನ್ನ ಪಕ್ಕ ನಿಂತಿದ್ದಳು.

"ಎರಡನೇ ಸಾಲು ಬರೀಲೇ ಇಲ್ಲ ಅವರು."

"ಅವರಿಗೆ ಎಲ್ಲ ಗೊತ್ತಿರಬೇಕು" ಎಂದೆ.

"ಅಲ್ಲ ಮೇಷ್ಟ್ರೆ. ಅವರ್ನ ನೋಡಕ್ಕೂ ಯಾರೋ ಬರ್ತಾರೆ ಕಾಣ್ತದೆ. ಪಾಪ."

ವರದಿಯ ಸುದ್ದಿಯೇ ಇಲ್ಲದೆ ನಾಲ್ಕು ತಿಂಗಳು ಕಳೆದವು. ತಾಯಿ ಪತ್ರ ಬರೆಯುವುದನ್ನು ನಿಲ್ಲಿಸಿದರು. ನನ್ನ ಪೆಟ್ಟಿಗೆಯನ್ನು ನಾನು ಅರ್ಧ ಕಟ್ಟಿಯೂ ಇಟ್ಟಿದ್ದೆ. ಬೇಸಗೆ ರಜೆಗೆ ಮುಂಚೆ ಒಂದು ದಿನ ಅಂಚೆಯವನು ಶಾಲೆಗೆ ಎರಡು ಕಾಗದ ತಂದ. ಒಂದು ಸರ್ಕಾರಿ ಲಕೋಟೆ, ನನಗೆ. ನನ್ನನ್ನು ಖಾಯಂ ಮಾಡಿದ ಆದೇಶ. ಮೂರು ಸಲ ಓದಿ, ಜೇಬಿಗೆ ಹಾಕಿ, ಜೇಬು ಮುಟ್ಟಿ ನೋಡಿಕೊಂಡೆ. ಇನ್ನೊಂದು ಕಾರ್ಡು, 'ಕುಮಾರಿ ನಾಗವೇಣಿ, ನಾಲ್ಕನೆಯ ತರಗತಿ' ಎಂಬ ವಿಳಾಸಕ್ಕೆ. ಹುಟ್ಟಿದ ಮೇಲೆ ಅವಳಿಗೆ ಬಂದ ಮೊದಲ ಕಾಗದ. ಎದ್ದು ನಿಂತು ಇಡೀ ಶಾಲೆಗೆ ಕೇಳುವಂತೆ ಓದಿದಳು.

'ಚಿರಂಜೀವಿ ನಾಗವೇಣಿಗೆ ಆಶೀರ್ವಾದಗಳು. ನಾನು ಹೋದ ವಾರ ನಿವೃತ್ತನಾದೆ. ಅಂದು ಉಳಿಸಿಕೊಂಡ ಎರಡನೆಯ ಸಾಲು ಇದು. ಗೊತ್ತಾಗದ್ದು: ನಮ್ಮ ಮನೆಯಲ್ಲಿ ಗಟ್ಟಿ ತುಪ್ಪವನ್ನು ಕರಗಿದ ತುಪ್ಪಕ್ಕೆ ಹಾಕಿದರೆ ಮುಳುಗುತ್ತದೆ. ನೀರು ಗಟ್ಟಿಯಾಗಿ ಮಂಜುಗಡ್ಡೆಯಾದರೆ ಮಾತ್ರ ನೀರಿನ ಮೇಲೆ ತೇಲುತ್ತದೆ. ಏಕೆ? ಮೂವತ್ತು ವರ್ಷ ಈ ಪಾಠ ಮಾಡಿದ್ದೇನೆ, ಮಾಡುವವರನ್ನು ತಪಾಸಣೆ ಮಾಡಿದ್ದೇನೆ. ನನಗೆ ಗೊತ್ತಿಲ್ಲ.'

ಮಂಜುಗಡ್ಡೆ ಎಂದರೆ ಹೇಗಿರುತ್ತದೆ ಎಂದು ಮಕ್ಕಳು ಮುತ್ತಿಕೊಂಡರು. ಅವರಲ್ಲಿ ಒಬ್ಬರೂ ಅದನ್ನು ಕಂಡಿರಲಿಲ್ಲ. ಶಿವಮೊಗ್ಗದ ಶರಬತ್ತಿನ ಅಂಗಡಿಯಲ್ಲಿ ನಾನು ನೋಡಿದ್ದನ್ನು ಬಣ್ಣಿಸಿದೆ. ಇಬ್ಬರು ಹುಡುಗರು ತುಪ್ಪದ ಸಂಗತಿ ಪರೀಕ್ಷಿಸಲು ಆಗಲೇ ಮನೆಯ ಕಡೆ ಓಡಿದ್ದರು. ನಾಗವೇಣಿ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದಳು.

"ನಿಮ್ಗೆ ಗೊತ್ತಾ ಮೇಷ್ಟ್ರೆ?"

'ಮಂಜುಗಡ್ಡೆ ನೀರಿಗಿಂತ ಹಗುರ, ಆದ್ದರಿಂದ ತೇಲುತ್ತದೆ' ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದೇ ನೀರು ಗಟ್ಟಿಯಾದ ಮಾತ್ರಕ್ಕೆ ಹಗುರವಾಗುವುದು ಹೇಗೆ ಎಂದು ಅವಳು ಕೇಳುತ್ತಾಳೆ, ಖಂಡಿತ ಕೇಳುತ್ತಾಳೆ.

"ಗೊತ್ತಿಲ್ಲ" ಎಂದೆ. ಎಷ್ಟು ಹಗುರವಾಗಿತ್ತು ಆ ಮಾತು.

ಅವಳು ಪೆನ್ನನ್ನು ನನ್ನ ಕಡೆ ಸರಿಸಿದಳು. ಕಾರ್ಡಿನ ತಳದಲ್ಲಿ, ಸಾಹೇಬರ ರುಜುವಿನ ಪಕ್ಕ, ಇನ್ನೂ ಸ್ವಲ್ಪ ಜಾಗವಿತ್ತು. ನಾನೂ ರುಜು ಹಾಕಿದೆ. ಖಾಯಂ ಆದ ಮೇಷ್ಟ್ರಾಗಿ ನಾನು ಹಾಕಿದ ಮೊಟ್ಟಮೊದಲ ರುಜು ಅದು.